ನಡುರಾತ್ರಿಯೂ ನಿಲ್ಲದ ಊಟ

ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರಿಗೆ ಊಟದ ಹೊತ್ತು ಅನ್ನುವುದೇ ಇರುವುದಿಲ್ಲ. ಮೂಗಿನಿಂದ ಹೊಟ್ಟೆಗಿಳಿದ ನಳಿಕೆಯಲ್ಲಿ ಪಂಪು ದ್ರವಾಹಾರವನ್ನು ಹನಿಹನಿಯಾಗಿ ಇಳಿಸುತ್ತಲೇ ಇರುತ್ತದೆ. ರಾತ್ರಿ ಎರಡಕ್ಕೂ ಅದೇ ವೇಗ, ಮಧ್ಯಾಹ್ನ ಎರಡಕ್ಕೂ ಅದೇ ವೇಗ.

ನಳಿಕೆಯ ಕಥೆ ಹಳೆಯದು. 1790ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್, ನುಂಗಲಾಗದ ರೋಗಿಯೊಬ್ಬನಿಗೆ ಹಾವುಮೀನಿನ ಚರ್ಮದ ಕೊಳವೆಯಲ್ಲಿ ಆಹಾರ ಕೊಟ್ಟಿದ್ದ. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲೂ ಇರುವ 'ರೈಲ್ಸ್ ಟ್ಯೂಬ್' ಜಾನ್ ರೈಲ್ ಎಂಬ ಬ್ರಿಟಿಷ್ ವೈದ್ಯನ ಹೆಸರಿನದು. ಅವನು ಅದನ್ನು ಬಳಸಿದ್ದು ಜಠರರಸ ಹೊರತೆಗೆದು ಪರೀಕ್ಷಿಸಲು. 1953ರಲ್ಲಿ ಕೋಪನ್‌ಹೇಗನ್ನಿನಲ್ಲಿ ವೈದ್ಯ ಬ್ಯೋರ್ನ್ ಇಬ್ಸೆನ್ ಐಸಿಯು ತೆರೆದ. ಪಂಪುಗಳು ಬಂದದ್ದು ಆಮೇಲೆ.

ಸಿರಿಂಜಿನಲ್ಲಿ ಒಮ್ಮೆಲೇ ಸುರಿದರೆ ವಾಂತಿ, ಭೇದಿ, ಶ್ವಾಸಕೋಶಕ್ಕೆ ಆಹಾರ ನುಗ್ಗುವ ಭಯ. ನಿಧಾನವೇ ಕ್ಷೇಮವೆನ್ನಿಸಿತು. ಯುರೋಪಿನ 2019ರ ಮಾರ್ಗಸೂಚಿಯೂ ನಿರಂತರ ಆಹಾರವನ್ನೇ ಸೂಚಿಸುತ್ತದೆ. ಕಾಳಜಿ ಸರಿಯಾದದ್ದೇ, ಆದರೆ ಅದು ಹೊಟ್ಟೆಯದ್ದು ಮಾತ್ರ.

ಊಟದ ಹೊತ್ತು ಬೇರೆ ಅಂಗಗಳಿಗೂ ಮುಖ್ಯ. 2000ದಲ್ಲಿ ಜಿನೀವಾದ ವಿಜ್ಞಾನಿ ಊಲಿ ಶಿಬ್ಲರ್ ಅವರ ತಂಡ, ಇರುಳಲ್ಲಿ ಮೇಯುವ ಇಲಿಗಳಿಗೆ ಹಗಲಲ್ಲಷ್ಟೇ ಆಹಾರ ಕೊಟ್ಟಿತು. ಯಕೃತ್ತಿನ ಜೈವಿಕ ಗಡಿಯಾರ ತಿರುವುಮುರುವಾಯಿತು. ಮಿದುಳಿನದು ಬೆಳಕಿಗೇ ಅಂಟಿಕೊಂಡಿತು. ಅಂದರೆ ಯಕೃತ್ತಿಗೆ ವೇಳೆ ತಿಳಿಸುವುದು ಊಟ. ಐಸಿಯುನಲ್ಲಿ ರಾತ್ರಿಯೂ ದೀಪ, ರಾತ್ರಿಯೂ ಅಲಾರಾಂ, ರಾತ್ರಿಯೂ ಆಹಾರ. ದೇಹ ಹಗಲಿರುಳನ್ನು ಯಾವುದರಿಂದ ಗುರುತಿಸಬೇಕು?

ಸ್ನಾಯುವಿನದು ಬೇರೆಯೇ ಚಿಂತೆ. ಪ್ರೋಟೀನ್ ಎಡೆಬಿಡದೆ ಹರಿದುಬಂದರೂ ಸ್ನಾಯು ಅದರಿಂದ ತನ್ನನ್ನು ಕಟ್ಟಿಕೊಳ್ಳುವುದು ಕೆಲಹೊತ್ತು ಮಾತ್ರ. ಹಾಗಾಗಿ ಬ್ರಿಟನ್ನಿನಲ್ಲಿ 121 ರೋಗಿಗಳ ಮೇಲೆ ಪ್ರಯೋಗ ನಡೆಯಿತು: ಕೆಲವರಿಗೆ ನಿರಂತರ ಆಹಾರ, ಉಳಿದವರಿಗೆ ದಿನಕ್ಕೆ ಆರು ಬಾರಿ. 2020ರಲ್ಲಿ ಹೊರಬಂದ ಫಲಿತಾಂಶದಲ್ಲಿ ಸ್ನಾಯು ಸವೆತ ಎರಡೂ ಗುಂಪಿನಲ್ಲಿ ಒಂದೇ. ಆದರೆ ಆ ಆರು ಊಟಗಳು 24 ಗಂಟೆಗೆ ಹಂಚಿದ್ದವು, ರಾತ್ರಿಗೆ ಬಿಡುವಿರಲಿಲ್ಲ. ಜೈವಿಕ ಗಡಿಯಾರದ ಪ್ರಶ್ನೆಗೆ ಇದನ್ನು ಉತ್ತರವೆಂದು ಓದುವುದು ತಪ್ಪಾಗುತ್ತದೆ.

ಅದೇ ವರ್ಷ ಬೆಲ್ಜಿಯಂನ ಲುವೆನ್ ತಂಡ 70 ರೋಗಿಗಳಿಗೆ 12 ಗಂಟೆ ಆಹಾರ ನಿಲ್ಲಿಸಿ ನೋಡಿತು. ಅಷ್ಟು ಕಾಯಿಲೆಯಲ್ಲೂ ದೇಹ ಉಪವಾಸವನ್ನು ಗುರುತಿಸಿ, ಉಪವಾಸದ ಇಂಧನವಾದ ಕೀಟೋನ್ ತಯಾರಿಸಿತು. ಇಂಥ ಬಿಡುವಿನಿಂದ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆಯೇ ಎಂದು ಅಳೆಯುವಷ್ಟು ದೊಡ್ಡ ಪ್ರಯೋಗ ಅದಾಗಿರಲಿಲ್ಲ.