ಕೋಲು ಬದಲಾದಾಗ

1972ನೆಯ ಇಸವಿಯ ಸೆಪ್ಟೆಂಬರ್ 2ರಂದು ಮ್ಯೂನಿಕ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ಪೋಲ್ ವಾಲ್ಟ್ ಪಂದ್ಯದ ಅಂತಿಮ ಸುತ್ತು ನಡೆಯಿತು. ಅಮೆರಿಕದ ಬಾಬ್ ಸೀಗ್ರೆನ್ ಅದೇ ಜುಲೈ ತಿಂಗಳಲ್ಲಿ 5.63 ಮೀಟರು ಹಾರಿ ಜಗತ್ತಿನ ದಾಖಲೆಯನ್ನು ಸ್ಥಾಪಿಸಿದ್ದನು. ಆದರೆ ಅಂದು ಅವನ ಕೈಯಲ್ಲಿದ್ದುದು ಆ ದಾಖಲೆಯ ಕೋಲಲ್ಲ. 'ಕ್ಯಾಟಾಪೋಲ್' ಎಂಬ ಆ ಹೊಸ ಕೋಲನ್ನು ಜುಲೈ ಕೊನೆಯಲ್ಲಿ ನಿಷೇಧಿಸಿ, ಆಗಸ್ಟ್ 27ರಂದು ಅನುಮತಿಸಿ, 30ರಂದು ಪುನಃ ನಿಷೇಧಿಸಲಾಗಿತ್ತು. ಹಿಂದಿನ 12 ತಿಂಗಳಿಂದ ಅದು ಎಲ್ಲ ಸ್ಪರ್ಧಿಗಳಿಗೂ ದೊರೆಯುತ್ತಿರಲಿಲ್ಲವೆಂಬುದು ಆಕ್ಷೇಪ. ಸೀಗ್ರೆನ್ ಪರಿಚಯವಿಲ್ಲದ ಕೋಲಿನಿಂದ ಹಾರಬೇಕಾಯಿತು.

ಒಂದು ಕೋಲಿಗೆ ಬದಲಾಗಿ ಇನ್ನೊಂದು ದೊರೆತ ಮೇಲೆ ಕಷ್ಟವೇನೆಂದು ವಾಚಕರು ಕೇಳಬಹುದು. ನಾವು ಮೊದಲು ಲೆಕ್ಕ ಹಾಕಿ ನೋಡೋಣ.

ಕೋಲು ತಾನಾಗಿ ಶಕ್ತಿಯನ್ನು ಸೃಷ್ಟಿಸಲಾರದು. ಓಟಗಾರನ ವೇಗ ಸೆಕೆಂಡಿಗೆ 9.5 ಮೀಟರು ಎನ್ನೋಣ. ಇದರ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಇಮ್ಮಡಿಯಿಂದ, ಅಂದರೆ 19.6ರಿಂದ, ಭಾಗಿಸಿದರೆ ಸುಮಾರು 4.6 ಬರುತ್ತದೆ. ಚಲನಶಕ್ತಿಯೆಲ್ಲವೂ ಪ್ರಚ್ಛನ್ನಶಕ್ತಿಯಾಗಿ ಮಾರ್ಪಟ್ಟರೆ ಅವನ ಗುರುತ್ವಕೇಂದ್ರವು ಅಷ್ಟು ಮೀಟರು ಮೇಲೇರುವುದು. ಓಡುವಾಗಲೇ ಅದು ನೆಲದಿಂದ ಸುಮಾರು 1 ಮೀಟರು ಎತ್ತರದಲ್ಲಿರುವುದರಿಂದ ಒಟ್ಟು 5.6 ಮೀಟರಾಯಿತು. ವಾಸ್ತವದಲ್ಲಿ ಸ್ವಲ್ಪ ಶಕ್ತಿ ನಷ್ಟವಾಗುತ್ತದೆ. ತೋಳು ಭುಜಗಳ ಸ್ನಾಯುಗಳು ಒಂದಿಷ್ಟನ್ನು ತುಂಬಿಕೊಡುತ್ತವೆ.

ಹಾಗಾದರೆ ಕೋಲಿನ ಕೆಲಸವೇನು? ಮುಂದಕ್ಕೆ ಸಾಗುವ ಚಲನೆಯನ್ನು ಮೇಲಕ್ಕೆ ತಿರುಗಿಸುವುದು. ಬಿದಿರು ಅಥವಾ ಲೋಹದ ಕೋಲು ಹೆಚ್ಚು ಬಾಗದು. ಅದರ ತುದಿ ನೆಲದ ಕುಳಿಗೆ ತಾಗಿದೊಡನೆ ಪೆಟ್ಟು ಭುಜಗಳಿಗೆ ಬಿದ್ದು ಶಕ್ತಿ ವ್ಯರ್ಥವಾಗುತ್ತದೆ. ಗಾಜಿನೆಳೆಗಳಿಂದಾದ ಫೈಬರ್ ಗ್ಲಾಸ್ ಕೋಲಾದರೋ ಬಿಲ್ಲಿನಂತೆ ಬಾಗಿ ಶಕ್ತಿಯನ್ನು ತನ್ನಲ್ಲಿ ಅಡಗಿಸಿಕೊಂಡು, ನೆಟ್ಟಗಾಗುತ್ತ ಹಿಂದಿರುಗಿಸುತ್ತದೆ. ಬಾಗಿದಾಗ ಗಿಡ್ಡವಾದಂತಾಗುವ ಕಾರಣ, ಅದನ್ನು ಇನ್ನೂ ಮೇಲ್ಗಡೆ ಹಿಡಿದರೂ ಲಂಬವಾಗಿ ನಿಲ್ಲಿಸಬಹುದು. 1942ರಲ್ಲಿ ಬಿದಿರಿನ ಕೋಲಿನಿಂದ ವಾರ್ಮರ್‌ಡ್ಯಾಮ್ 4.77 ಮೀಟರು ಹಾರಿದನು. 1960ರಲ್ಲಿ ಲೋಹದ ಕೋಲಿನಿಂದ ಬ್ರ್ಯಾಗ್ 4.80 ಮೀಟರು ಹಾರಿದನು. ಹದಿನೆಂಟು ವರ್ಷಗಳಲ್ಲಿ ಏರಿಕೆ 3 ಸೆಂಟಿಮೀಟರು ಮಾತ್ರ! ಫೈಬರ್ ಗ್ಲಾಸ್ ಬಂದ ಮೇಲೆ, 1964ರ ವೇಳೆಗೆ, ದಾಖಲೆಯು 5.28 ಮೀಟರಿಗೆ ಏರಿತು.

ಆದರೆ ಹಿಂದಿರುಗಿಸಲು ಪ್ರತಿಯೊಂದು ಕೋಲೂ ತನ್ನದೇ ಆದ ಕಾಲವನ್ನು ತೆಗೆದುಕೊಳ್ಳುತ್ತದೆ. ಮೇಜಿನ ಅಂಚಿನಲ್ಲಿ ಅಡಿಪಟ್ಟಿಯೊಂದನ್ನು ಒತ್ತಿಹಿಡಿದು ಮಿಡಿಯಿರಿ. ಹೊರಚಾಚಿದ ಭಾಗ ಉದ್ದವಾಗಿದ್ದರೆ ಪಟ್ಟಿಯು ಮೆದುವಾಗಿ ನಿಧಾನವಾಗಿ ತೂಗುತ್ತದೆ. ಗಿಡ್ಡವಾಗಿದ್ದರೆ ಬಿಗಿಯಾಗಿ ಬೇಗಬೇಗ ಕಂಪಿಸುತ್ತದೆ. ಹಾರುವವನ ಕೋಲೂ ಹೀಗೆಯೇ. ಎರಡು ಸೆಕೆಂಡೂ ಹಿಡಿಯದ ಆ ಅವಧಿಯಲ್ಲಿ ಅವನು ಕಾಲುಗಳನ್ನು ಬೀಸಿ, ತಲೆಕೆಳಗಾಗಿ, ಕೋಲು ನೆಟ್ಟಗಾಗುವ ಕ್ಷಣಕ್ಕೆ ಸರಿಯಾಗಿ ಸಿದ್ಧನಾಗಿರಬೇಕು. ಕೋಲು ತೀರ ಬಿಗಿಯಾದರೆ ಅದು ಲಂಬವಾಗುವ ಮೊದಲೇ ಅವನನ್ನು ಹಿಂದಕ್ಕೆ ತಳ್ಳಬಹುದು. ತೀರ ಮೆದುವಾದರೆ ಅತಿಯಾಗಿ ಬಾಗಿ, ತಡವಾಗಿ ಎದ್ದು, ಅವನನ್ನು ಅಡ್ಡಪಟ್ಟಿಯ ಮೇಲೆಯೇ ಎಸೆಯಬಹುದು. ನೂರಾರು ಸಲ ಹಾರಿ ದೇಹವು ಕಲಿತ ಈ ತಾಳವನ್ನು ಮೂರು ದಿನಗಳಲ್ಲಿ ಮರೆತು ಹೊಸತನ್ನು ಕಲಿಯುವುದು ಸುಲಭವೇ?

ಅಂದು ತಾನು ಪಳಗಿದ ಮಾದರಿಯ ಕೋಲಿನಿಂದ ಪೂರ್ವ ಜರ್ಮನಿಯ ವುಲ್ಫ್‌ಗಾಂಗ್ ನಾರ್ಡ್‌ವಿಗ್ 5.50 ಮೀಟರು ಹಾರಿ ಗೆದ್ದನು. 5.40 ಮೀಟರು ಹಾರಿದ ಸೀಗ್ರೆನ್‌ಗೆ ಎರಡನೆಯ ಸ್ಥಾನ. 1896ರಿಂದ ಒಲಿಂಪಿಕ್ ಪಂದ್ಯಗಳಲ್ಲಿ ನಡೆದುಬಂದಿದ್ದ ಅಮೆರಿಕದ ಅಖಂಡ ವಿಜಯ ಅಲ್ಲಿಗೆ ಮುಗಿಯಿತು. ಸೀಗ್ರೆನ್ ತನಗೆ ಕೊಟ್ಟಿದ್ದ ಕೋಲನ್ನು ಅಧಿಕಾರಿಯೊಬ್ಬರ ಕೈಗೇ ಹಿಂದಿರುಗಿಸಿ ಹೊರಟನು.

ಸೋಲಿಗೆ ಕೋಲೊಂದೇ ಕಾರಣವೆಂದು ನಾವು ಹೇಳಲಾರೆವು. ನಾರ್ಡ್‌ವಿಗ್ ಸಮರ್ಥನೇ ಸರಿ. ಆದರೂ ಉಪಕರಣವು ಎಷ್ಟೇ ಉತ್ತಮವಾಗಿರಲಿ, ಅದರ ಕಾಲವೂ ನಮ್ಮ ಕಾಲವೂ ಕೂಡಿಬಂದಾಗಲೇ ಅದು ನಮ್ಮದಾಗುತ್ತದೆ.