ನಿಂತ ಹೃದಯ, ಮತ್ತೆ ಮೈದಾನ: ತಪ್ಪು ಕಲ್ಪನೆ ಮತ್ತು ವಾಸ್ತವ

2021ರ ಜೂನ್ 12ರಂದು ಕೋಪನ್‌ಹೇಗನ್‌ನ ಪಾರ್ಕನ್ ಕ್ರೀಡಾಂಗಣದಲ್ಲಿ ಡೆನ್ಮಾರ್ಕ್–ಫಿನ್ಲೆಂಡ್ ಫುಟ್‌ಬಾಲ್ ಪಂದ್ಯದ ಮೊದಲಾರ್ಧ ಮುಗಿಯುತ್ತಾ ಬಂದಿತ್ತು. ಯಾರೂ ತಾಗದೆಯೇ ಡೆನ್ಮಾರ್ಕ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಕುಸಿದು ಬಿದ್ದರು. ಹೃದಯ ನಿಂತಿತ್ತು. ಎದೆ ಒತ್ತುತ್ತಾ ಸಿಪಿಆರ್ ಮಾಡಿ, ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಟ್ಟು ಮೈದಾನದಲ್ಲೇ ಅವರನ್ನು ಬದುಕಿಸಿದರು. ಎಂಟು ತಿಂಗಳು ಕಳೆದ ಮೇಲೆ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ತಂಡದ ಪರ ಮತ್ತೆ ಆಡಲು ಇಳಿದರು. ಇದನ್ನು ಪವಾಡ ಎಂದವರಿದ್ದರು, ಹುಚ್ಚುಸಾಹಸ ಎಂದವರೂ ಇದ್ದರು. ಎರಡೂ ತಪ್ಪು.

‘ಅದು ಹಾರ್ಟ್ ಅಟ್ಯಾಕ್’

ಅಲ್ಲ. ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ, ಹೃದಯಸ್ತಂಭನದಲ್ಲಿ ಹೃದಯದ ಬಡಿತವೇ ತಾಳ ತಪ್ಪಿ ರಕ್ತದ ಹರಿವು ನಿಲ್ಲುತ್ತದೆ. ಮೂವತ್ತೈದು ದಾಟಿದವರಲ್ಲಿ ಮೊದಲನೆಯದೇ ಎರಡನೆಯದಕ್ಕೆ ದಾರಿ ಮಾಡುವುದು ಹೆಚ್ಚು. ಎಳೆಯ ಕ್ರೀಡಾಪಟುಗಳ ಕಥೆ ಬೇರೆ: ಹೃದಯದ ಸ್ನಾಯು ಹುಟ್ಟುಗುಣದಿಂದ ದಪ್ಪವಾಗುವುದು, ವಿದ್ಯುತ್ ವ್ಯವಸ್ಥೆಯ ದೋಷ, ವೈರಸ್ ಸೋಂಕಿನ ನಂತರದ ಉರಿಯೂತ, ರಕ್ತನಾಳ ತಪ್ಪು ಜಾಗದಿಂದ ಹೊರಟಿರುವುದು. ಅಮೆರಿಕನ್ ಫುಟ್‌ಬಾಲ್ ಆಟಗಾರ ಡಾಮಾರ್ ಹ್ಯಾಮ್ಲಿನ್ 2023ರ ಜನವರಿ 2ರಂದು ಬಿದ್ದದ್ದು ಎದೆಗೆ ತಗುಲಿದ ಪೆಟ್ಟಿನಿಂದ. ಬಡಿತದ ಒಂದು ಸೂಕ್ಷ್ಮ ಕ್ಷಣದಲ್ಲಿ ಪೆಟ್ಟು ಬಿದ್ದರೆ ಗಟ್ಟಿ ಹೃದಯವೂ ನಿಂತುಬಿಡಬಹುದು. ಅವರು ಅದೇ ವರ್ಷ ಆಟಕ್ಕೆ ಮರಳಿದರು.

‘ಒಮ್ಮೆ ಹೃದಯ ನಿಂತರೆ ಆಟ ಮುಗಿದ ಹಾಗೆ’

ಒಂದು ಕಾಲಕ್ಕೆ ವೈದ್ಯಲೋಕವೇ ಹೀಗೆ ಹೇಳುತ್ತಿತ್ತು. ಎದೆಯೊಳಗೆ ಐಸಿಡಿ ಇಟ್ಟುಕೊಂಡವರು ಗಾಲ್ಫ್‌ನಂಥ ಹಗುರ ಆಟಕ್ಕಿಂತ ಮುಂದೆ ಹೋಗಬಾರದು ಎಂಬುದು 2005ರ ಅಮೆರಿಕದ ಮಾರ್ಗಸೂಚಿ. ಬಡಿತ ಕೆಟ್ಟಾಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುವ ಪುಟ್ಟ ಸಾಧನ ಐಸಿಡಿ. ಆ ಸಲಹೆಯ ಹಿಂದೆ ಇದ್ದದ್ದು ಪುರಾವೆಗಿಂತ ಹೆಚ್ಚಾಗಿ ಭಯ. ಯೇಲ್ ವಿಶ್ವವಿದ್ಯಾಲಯದ ರೇಚೆಲ್ ಲ್ಯಾಂಪರ್ಟ್ ಮತ್ತು ಸಂಗಡಿಗರು, ಸಲಹೆ ಮೀರಿ ಆಡುತ್ತಲೇ ಇದ್ದ ಐಸಿಡಿಧಾರಿಗಳನ್ನು ವರ್ಷಗಟ್ಟಲೆ ಗಮನಿಸಿದರು. 2017ರಲ್ಲಿ ಪ್ರಕಟವಾದ ವರದಿಯಲ್ಲಿ 440 ಮಂದಿ ಇದ್ದರು. ಕೆಲವರಿಗೆ ಆಡುವಾಗ ಶಾಕ್ ಬಿತ್ತು, ನಿಜ. ಆದರೆ ಬಡಿತ ಕೆಟ್ಟು ಆಟದಲ್ಲಿ ಸತ್ತವರು ಒಬ್ಬರೂ ಇರಲಿಲ್ಲ. ಮುಂದೆ ಮಾರ್ಗಸೂಚಿಗಳು ಸಡಿಲವಾದವು. ಈಗಿನ ಪದ್ಧತಿಯಲ್ಲಿ ವೈದ್ಯರು ಅಪಾಯವನ್ನು ಮುಚ್ಚುಮರೆಯಿಲ್ಲದೆ ವಿವರಿಸುತ್ತಾರೆ, ಆಟಗಾರ ಮತ್ತು ಮನೆಯವರು ಜೊತೆ ಕೂತು ತೀರ್ಮಾನಿಸುತ್ತಾರೆ.

ಎಲ್ಲ ದೇಶಗಳೂ ಇದನ್ನು ಒಪ್ಪಿಲ್ಲ. ಎರಿಕ್ಸನ್ ಕುಸಿದಾಗ ಇಟಲಿಯ ಇಂಟರ್ ಮಿಲಾನ್ ತಂಡದಲ್ಲಿದ್ದರು. ಐಸಿಡಿ ಅಳವಡಿಸಿಕೊಂಡ ಅವರಂಥವರಿಗೆ ಅಲ್ಲಿನ ಲೀಗ್‌ನಲ್ಲಿ ಅವಕಾಶವಿಲ್ಲದ್ದರಿಂದ 2021ರ ಡಿಸೆಂಬರ್‌ನಲ್ಲಿ ಒಪ್ಪಂದ ಕೊನೆಗೊಂಡಿತು. ಅದೇ ಹೃದಯ, ಅದೇ ಸಾಧನ, ಗಡಿ ದಾಟಿದರೆ ಬೇರೆ ಉತ್ತರ. 2024ರ ಯೂರೊದಲ್ಲಿ ಸ್ಲೊವೇನಿಯಾ ವಿರುದ್ಧ ಅವರು ಗೋಲು ಹೊಡೆದರು.

‘ಐಸಿಡಿ ಇದ್ದರೆ ಭಯವೇ ಇಲ್ಲ’

ಮೊದಲಿನ ಕಲ್ಪನೆಗಿಂತ ಇದು ಹೆಚ್ಚು ಅಪಾಯಕಾರಿ. ಐಸಿಡಿ ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಬಡಿತ ಕೆಟ್ಟ ಮೇಲೆ ಎಚ್ಚೆತ್ತುಕೊಳ್ಳುತ್ತದೆ, ಅಷ್ಟೆ. ಅನಗತ್ಯವಾಗಿಯೂ ಶಾಕ್ ಕೊಡಬಹುದು, ಪೆಟ್ಟು ಬಿದ್ದು ಅದರ ತಂತಿ ಹಾಳಾಗಬಹುದು. ಆನುವಂಶಿಕವಾಗಿ ಬರುವ ಒಂದು ಬಗೆಯ ಸ್ನಾಯುರೋಗದಲ್ಲಂತೂ ಕಠಿಣ ವ್ಯಾಯಾಮವೇ ಹೃದಯವನ್ನು ಇನ್ನಷ್ಟು ಹಾಳುಮಾಡುತ್ತದೆ. ಅಂಥವರಿಗೆ ಆಟ ಬಿಡಿ ಎನ್ನುವುದೇ ಸರಿಯಾದ ಚಿಕಿತ್ಸೆ.

ಇಂಗ್ಲೆಂಡಿನ ಬೋಲ್ಟನ್ ಫುಟ್‌ಬಾಲ್ ತಂಡದ ಫ್ಯಾಬ್ರಿಸ್ ಮುವಾಂಬಾ 2012ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಬಿದ್ದಾಗ ಹೃದಯ 78 ನಿಮಿಷ ತಾನಾಗಿ ಬಡಿಯಲಿಲ್ಲ. ಪಂದ್ಯ ನೋಡಲು ಬಂದಿದ್ದ ಹೃದ್ರೋಗ ತಜ್ಞರೊಬ್ಬರು ಪ್ರೇಕ್ಷಕರ ಸಾಲಿನಿಂದ ಓಡಿಬಂದು ಕೈಜೋಡಿಸಿದರು. ಮುವಾಂಬಾ ಬದುಕಿದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಇಪ್ಪತ್ತನಾಲ್ಕರ ವಯಸ್ಸಿಗೇ, ವೈದ್ಯರ ಮಾತು ಕೇಳಿ ನಿವೃತ್ತರಾದರು. ಅದನ್ನು ಸೋಲು ಎನ್ನಲು ನನ್ನಿಂದಾಗದು.

‘ಮೊದಲೇ ಪರೀಕ್ಷೆ ಮಾಡಿಸಿದ್ದರೆ ಹೀಗಾಗುತ್ತಿರಲಿಲ್ಲ’

ಇಸಿಜಿ ಹಲವು ದೋಷಗಳನ್ನು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ. ಇದಕ್ಕೂ ಮೊದಲು ಇಂಗ್ಲೆಂಡಿನ ಟೊಟನ್‌ಹ್ಯಾಮ್ ತಂಡದಲ್ಲಿದ್ದಷ್ಟು ಕಾಲ ಎರಿಕ್ಸನ್ ಅವರ ಹೃದಯ ಪರೀಕ್ಷೆಗಳು ಸರಿಯಾಗಿಯೇ ಬಂದಿದ್ದವು.

‘ಬಿದ್ದವರನ್ನು ಬೇಗ ಆಸ್ಪತ್ರೆಗೆ ಒಯ್ದರೆ ಸಾಕು’

ಇದೊಂದನ್ನು ಕನ್ನಡಿಗರು ಮನಸ್ಸಿಟ್ಟು ಓದಬೇಕು. 2004ರ ಡಿಸೆಂಬರ್ 5ರಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ. ಮೈದಾನದಲ್ಲಿ ವೈದ್ಯಕೀಯ ಸಿದ್ಧತೆ ಸಾಲದಾಗಿತ್ತು ಎಂಬ ಆಕ್ರೋಶ ಆಗ ದೇಶದ ತುಂಬ ಕೇಳಿಬಂತು.

ಶಾಕ್ ಕೊಡುವುದು ಒಂದೊಂದು ನಿಮಿಷ ತಡವಾದಂತೆ, ಸಿಪಿಆರ್ ಕೂಡ ಇಲ್ಲದಿದ್ದರೆ, ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತದೆ. ನಮ್ಮ ಊರುಗಳ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಹೃದಯ ನಿಂತವರ ಕೈಕಾಲು ಕೆಲವೊಮ್ಮೆ ಅದುರುತ್ತವೆ, ಏದುಸಿರು ಬಿಟ್ಟಂತೆ ಕಾಣುತ್ತದೆ. ಫಿಟ್ಸ್ ಬಂತೆಂದು ಕೈಗೆ ಬೀಗದಕೈ ತುರುಕಿ, ಮುಖಕ್ಕೆ ನೀರೆರಚಿ ಕೂರುವುದರಲ್ಲೇ ಆ ಬೆಲೆಬಾಳುವ ನಿಮಿಷಗಳು ಮುಗಿದುಹೋಗುತ್ತವೆ. ಪ್ರಜ್ಞೆ ಇಲ್ಲ, ಉಸಿರಾಟ ಸರಿಯಿಲ್ಲ ಎಂದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120ರಂತೆ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಿ. ಶಾಕ್ ಕೊಡುವ ಎಇಡಿ ಯಂತ್ರ ಸಿಕ್ಕರೆ ಸ್ವಿಚ್ ಹಾಕಿ: ಮುಂದೇನು ಮಾಡಬೇಕೆಂದು ಅದೇ ಹೇಳುತ್ತದೆ, ಬೇಕಿಲ್ಲದವರಿಗೆ ಶಾಕ್ ಕೊಡುವುದಿಲ್ಲ.

ಎರಿಕ್ಸನ್, ಹ್ಯಾಮ್ಲಿನ್ ಮರಳಿ ಆಡಿದ್ದರ ಬೇರು ಇರುವುದು ಈ ಮೊದಲ ನಿಮಿಷಗಳ ನೆರವಿನಲ್ಲಿ. ಊರಲ್ಲಿ ಕಬಡ್ಡಿ, ಕ್ರಿಕೆಟ್ ಟೂರ್ನಿ ನಡೆಸುವವರೇ, ಶಾಲೆಯ ದೈಹಿಕ ಶಿಕ್ಷಕರೇ, ಈ ಸಲ ಖರ್ಚಿನ ಪಟ್ಟಿಯಲ್ಲಿ ಟ್ರೋಫಿಗಿಂತ ಮೊದಲು ಎಇಡಿ ಬರೆದುಕೊಳ್ಳಿ, ಸಿಪಿಆರ್ ಕಲಿತ ಇಬ್ಬರನ್ನಾದರೂ ಗೆರೆಯ ಪಕ್ಕ ನಿಲ್ಲಿಸಿಕೊಳ್ಳಿ.