ಕುದ್ರುಗಳಿಗೆ ಕಾಲುದಾರಿ

ನಮ್ಮ ಉಡುಪಿಯ ಸೀಮೆಯಲ್ಲಿ ದ್ವೀಪವೆಂಬ ಮಾತು ಬಂದೊಡನೆ ಎಲ್ಲರಿಗೂ ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪಗಳೇ ನೆನಪಿಗೆ ಬರುವುವು. 1498ರಲ್ಲಿ ವಾಸ್ಕೋ ಡ ಗಾಮನು ಅಲ್ಲಿ ಇಳಿದು ಆ ಹೆಸರನ್ನಿಟ್ಟನೆಂದು ಐತಿಹ್ಯವುಂಟು. ಊರವರು ತೋನ್ಸೆಪಾರೆಂದೂ ಕರೆಯುವುದುಂಟು. ಆದರೆ ಅಲ್ಲಿ ಯಾರೊಬ್ಬರ ಮನೆಯೂ ಇಲ್ಲ. ಜನರು ಮನೆಕಟ್ಟಿಕೊಂಡು, ತೆಂಗು ಬೆಳೆಸಿ, ಮಕ್ಕಳನ್ನು ಸಾಕಿಕೊಂಡಿರುವ ನಮ್ಮ ದ್ವೀಪಗಳು ಕಡಲಿನಲ್ಲಲ್ಲ, ಹೊಳೆಗಳಲ್ಲಿವೆ. ಇವುಗಳಿಗೆ ಕುದ್ರುಗಳೆಂದು ಹೆಸರು.

ಕಾರ್ಕಳದ ಮೇಲಣ ಘಟ್ಟದಿಂದ ಇಳಿದು ಮಣಿಪಾಲದ ಬಳಿಯಲ್ಲಿ ಹರಿದು ಬರುವ ಸುವರ್ಣಾ ನದಿಯು ಕೋಡಿಬೆಂಗ್ರೆಯಲ್ಲಿ ಸೀತಾನದಿಯನ್ನು ಕೂಡಿಕೊಂಡು ಸಮುದ್ರವನ್ನು ಸೇರುವುದಕ್ಕೆ ಮೊದಲು ತನ್ನ ವೇಗವನ್ನು ಕಳೆದುಕೊಂಡು ಹೊತ್ತು ತಂದ ಮಣ್ಣನ್ನು ಇಳಿಸುತ್ತದೆ. ಕೆಮ್ಮಣ್ಣಿನ ತಿಮ್ಮಣ್ಣಕುದ್ರು, ಪಡುಕುದ್ರು ಮೊದಲಾದವು ಹೀಗೆ ಉಂಟಾದ ನೆಲಗಳು. ಆಚೆಯ ದಡವು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿರುವುದು. ಹಾಗಿದ್ದರೂ ಅಂಗಡಿ, ಆಸ್ಪತ್ರೆ, ಕಚೇರಿ, ಶಾಲೆ ಎಲ್ಲವೂ ಆಚೆ, ನಡುವೆ ನೀರು.

ಬಹುಕಾಲದವರೆಗೆ ಈ ನೀರನ್ನು ದಾಟುವುದಕ್ಕೆ ಕಡವಿನ ದೋಣಿಯೊಂದೇ ಸಾಧನವಾಗಿತ್ತು. ದೋಣಿಯನ್ನು ನಾವು ಹಳಿಯುವವರಲ್ಲ. ಆದರೆ ಅದಕ್ಕೆ ಹೊತ್ತುಗೊತ್ತುಗಳುಂಟು. ಇರುಳಲ್ಲಿ ಅಂಬಿಗನಿಲ್ಲ, ವರ್ಷಕ್ಕೆ ಸುಮಾರು 4,000 ಮಿಲ್ಲಿಮೀಟರು ಮಳೆಯಾಗುವ ನಮ್ಮ ನಾಡಿನಲ್ಲಿ ಆಷಾಢದ ನೆರೆ ಬಂದರೆ ಹಗಲಲ್ಲಿಯೂ ದೋಣಿಯಿಲ್ಲ. ಶಾಲೆಗಳು ತೆರೆಯುವುದಾದರೋ ಮಳೆಯ ಆರಂಭದಲ್ಲಿಯೇ. ಎಳೆಯ ಮಕ್ಕಳ ಶಾಲೆಯು ಮನೆಯ ಸಮೀಪದಲ್ಲಿದ್ದರೂ ಹೈಸ್ಕೂಲು ದೂರವಿರುವುದರಿಂದ, ಹೊಳೆಯ ತೊಂದರೆಯು ಹೆಣ್ಣುಮಗಳಿಗೆ ಹದಿಮೂರು ಹದಿನಾಲ್ಕು ವರ್ಷಗಳಾಗುವ ಹೊತ್ತಿಗೇ ಮುಂದೆ ಬಂದು ನಿಲ್ಲುತ್ತದೆ. ಕತ್ತಲಾಗುವುದರೊಳಗೆ ಕಡವನ್ನು ದಾಟಿ ಬರುವಳೋ ಇಲ್ಲವೋ ಎಂಬ ತಾಯಿಯ ಚಿಂತೆಯು ಓದನ್ನು ನಿಲ್ಲಿಸುವುದಕ್ಕೆ ಸಾಕಾದ ಕಾರಣವಾಗುವುದುಂಟು. ಇದನ್ನು ತಾಯಿತಂದೆಗಳ ಅಜ್ಞಾನವೆಂದು ಸುಮ್ಮನೆ ದೂರುವವರು ಒಂದು ಮಳೆಗಾಲದ ಸಂಜೆ ಹೊಳೆಯ ದಂಡೆಯಲ್ಲಿ ನಿಂತು ನೋಡಲಿ.

ತಿಮ್ಮಣ್ಣಕುದ್ರುವಿಗೆ ಕೆಮ್ಮಣ್ಣಿನಿಂದ ಕಟ್ಟಿರುವ ತೂಗುಸೇತುವೆಯು ಇಂತಹ ಚಿಂತೆಗೆ ತಕ್ಕ ಉತ್ತರವಾಗಿದೆ. ಇದರ ರಚನೆಯನ್ನು ಸ್ವಲ್ಪ ವಿವರಿಸುವೆವು. ಎರಡು ದಡಗಳಲ್ಲಿಯೂ ಎತ್ತರವಾದ ಕಂಬಗಳು. ಅವುಗಳ ತಲೆಯ ಮೇಲಿಂದ ಹಾದು ಹಿಂದೆ ನೆಲದಲ್ಲಿ ಹೂಳಿದ ಭಾರವಾದ ಕಾಂಕ್ರೀಟಿನ ಗಟ್ಟಿಗಳಿಗೆ ಬಿಗಿದಿರುವ ಉಕ್ಕಿನ ಹಗ್ಗಗಳು. ಆ ಹಗ್ಗಗಳಿಂದ ಇಳಿಬಿಟ್ಟ ಸರಳುಗಳು. ಸರಳುಗಳಿಗೆ ನಡೆಯುವ ಹಾಸು. ನೀರಿನೊಳಗೆ ಒಂದು ಕಂಬವೂ ಬೇಡವಾದುದರಿಂದ ನೆರೆಯಲ್ಲಿ ತೇಲಿಬರುವ ಮರಗಳು ತಗಲುವುದಿಲ್ಲ, ದೋಣಿಗಳ ಸಂಚಾರಕ್ಕೂ ಅಡ್ಡಿಯಿಲ್ಲ. ಹಗ್ಗವು ಜೋತಿರುವುದನ್ನು ಕಂಡು ಸಡಿಲವಾಗಿದೆಯೆಂದು ಹೆದರುವವರಿದ್ದಾರೆ. ಅದು ಬೇಕೆಂದೇ ಬಿಟ್ಟ ಜೋಲು. ಜೋಲನ್ನು ಅರ್ಧಕ್ಕೆ ಇಳಿಸಿದರೆ ಹಗ್ಗದ ಮೇಲಿನ ಎಳೆತವು ಬಹುಮಟ್ಟಿಗೆ ಇಮ್ಮಡಿಯಾಗುವುದು. ಬಟ್ಟೆ ಒಣಗಿಸುವ ಹಗ್ಗವನ್ನು ಅತಿಯಾಗಿ ಬಿಗಿದು ಕಿತ್ತುಕೊಂಡ ಗೃಹಿಣಿಯರಿಗೆ ಈ ಶಾಸ್ತ್ರವನ್ನು ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಕಡೆಯಲ್ಲಿ ಈ ವಿದ್ಯೆಯನ್ನು ಹಳ್ಳಿಹಳ್ಳಿಗೆ ಕೊಂಡೊಯ್ದವರು ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲನೆಯ ಕಾಲುಸೇತುವೆಯನ್ನು ಕಟ್ಟಿದ ಮೇಲೆ ಅವರು ಹಲವು ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿಸಿದರು; 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ದೊಡ್ಡ ಸೇತುವೆಗೆ ತಗಲುವ ವೆಚ್ಚದ ಚಿಕ್ಕದೊಂದು ಭಾಗದಲ್ಲಿ, ಕೆಲವೇ ತಿಂಗಳುಗಳಲ್ಲಿ ಮುಗಿಯುವ ಕೆಲಸವಿದು.

ಆದರೆ ಕಟ್ಟಿದ ಮಾತ್ರಕ್ಕೆ ಕೆಲಸವು ತೀರಲಿಲ್ಲ. ಉಪ್ಪುಗಾಳಿಯು ಉಕ್ಕಿಗೆ ಶತ್ರು. 2022ರ ಅಕ್ಟೋಬರ್ 30ರಂದು ಗುಜರಾತದ ಮೋರ್ಬಿಯಲ್ಲಿ, ದುರಸ್ತಿಯಾಗಿ ನಾಲ್ಕು ದಿನಗಳ ಹಿಂದೆಯಷ್ಟೇ ತೆರೆದಿದ್ದ ತೂಗುಸೇತುವೆಯು ಕಡಿದುಬಿದ್ದು 135 ಮಂದಿ ಸತ್ತರು. ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದು ತುಂಡಾಗಿದ್ದಿರಬೇಕೆಂದು ತನಿಖೆಯವರು ಹೇಳಿದರು. ಅದರ ಮೇಲೆ ಮಿತಿಮೀರಿದ ಜನಸಂದಣಿ. ನಮ್ಮ ಕೆಮ್ಮಣ್ಣಿನ ಸೇತುವೆಯೂ ಈಗ ಪ್ರವಾಸಿಗಳ ವಿನೋದಸ್ಥಾನವಾಗಿದೆ. ಕುದ್ರುವಿನ ಹತ್ತಾರು ಮಂದಿಯ ನಿತ್ಯದ ನಡಿಗೆಗೆಂದು ಮಾಡಿದ ಹಾಸಿನ ಮೇಲೆ ರಜೆಯ ದಿನ ಗುಂಪುಕಟ್ಟಿ ನಿಂತು ಜೀಕುವುದು ಆಟವಲ್ಲ. ಒಮ್ಮೆಗೆ ಎಷ್ಟು ಮಂದಿ ಎಂಬುದನ್ನು ದಡದಲ್ಲಿ ದೊಡ್ಡಕ್ಷರಗಳಲ್ಲಿ ಬರೆದು, ಹೇಳುವುದಕ್ಕೆ ಒಬ್ಬನನ್ನು ನಿಲ್ಲಿಸತಕ್ಕದ್ದು. ವರ್ಷಕ್ಕೊಮ್ಮೆ, ಮಳೆಗೆ ಮೊದಲು, ಹಗ್ಗಗಳನ್ನು ಬಲ್ಲವರಿಂದ ಪರೀಕ್ಷಿಸತಕ್ಕದ್ದು.

ಹೊಳೆಗೆ ಒಪ್ಪುವುದು ಕಡಲಿಗೆ ಒಪ್ಪದು. 2022ರ ಮೇ ತಿಂಗಳಲ್ಲಿ ಮಲ್ಪೆಯ ದಂಡೆಯಿಂದ ಸಮುದ್ರದೊಳಕ್ಕೆ ತೇಲುಸೇತುವೆಯೊಂದನ್ನು ಬಿಟ್ಟರು; ತೆರೆದ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಅದು ಕೆಟ್ಟಿತು. ಅದು ಯಾವ ದ್ವೀಪಕ್ಕೂ ಹೋಗುವ ದಾರಿಯಾಗಿರದೆ ಬರಿಯ ವಿಹಾರಕ್ಕಾಗಿದ್ದುದರಿಂದ ನಷ್ಟವು ಹಣಕ್ಕೆ ಮಾತ್ರ. ಸೈಂಟ್ ಮೇರೀಸ್ ದ್ವೀಪಗಳಿಗೂ ಸೇತುವೆಯಾದರೆ ಚೆನ್ನೆಂದು ಕೆಲವರು ಆಶಿಸುವರು. ನಮಗೆ ಇದು ಒಪ್ಪಿಗೆಯಿಲ್ಲ. ಆರು ಕಿಲೋಮೀಟರಿನಷ್ಟು ತೆರೆದ ಕಡಲು. ಮೇಲಾಗಿ ಆ ಕಂಬಗಳಂತಹ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ನೆಲದಿಂದ ಅಗಲುತ್ತಿದ್ದ ಕಾಲದ ಲಾವಾರಸದಿಂದಾದವು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಲ್ಪಟ್ಟವು. ಕನ್ಯಾಕುಮಾರಿಯಲ್ಲಿ 2024ರ ಡಿಸೆಂಬರಿನಲ್ಲಿ ತೆರೆದ 77 ಮೀಟರಿನ ಗಾಜಿನ ಸೇತುವೆಯೂ ಎರಡು ಬಂಡೆಗಳನ್ನು ಮಾತ್ರ ಕೂಡಿಸುತ್ತದೆ; ದಡದಿಂದ ಅಲ್ಲಿಗೆ ಇಂದಿಗೂ ದೋಣಿಯೇ. ನಮ್ಮಲ್ಲಿಯೂ ದೋಣಿಯೇ ಇರಲಿ. ವೃದ್ಧರೂ ಕುಂಟರೂ ಸೊಂಟದವರೆಗೆ ನೆನೆಯದೆ ಹತ್ತಿಳಿಯುವ ಏರ್ಪಾಡು ಆಗಲಿ.

ಹಣವಿದ್ದರೆ ಅದನ್ನು ಹೊಳೆಯ ಕಡೆಗೆ ತಿರುಗಿಸುವುದು ಲೇಸು. ಕೋಡಿಬೆಂಗ್ರೆಯ ಜನರ ಪಂಚಾಯತಿಯು ಅಳಿವೆಯ ಆಚೆಗಿನ ಕೋಡಿಗೆ ಸೇರಿದುದು. ನೀರನ್ನು ದಾಟದಿದ್ದರೆ ರಸ್ತೆಯಲ್ಲಿ ಬಹುದೂರ ಸುತ್ತಿ ಹೋಗಬೇಕು. ಸೇತುವೆಗಳು ಇರುವಲ್ಲಿಯೂ ಅವುಗಳ ಕೊನೆಯಿಂದ ಬಸ್ಸು ನಿಲ್ಲುವ ಸ್ಥಳದವರೆಗಿನ ದಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗದ್ದೆಯ ಬದಿಯ ಆ ಕಾಲುಹಾದಿಗೆ ಮುರಕಲ್ಲು ಹಾಸಿ, ನಾಲ್ಕು ದೀಪಗಳನ್ನು ನೆಟ್ಟು, ಮಳೆಯಲ್ಲಿ ನಿಲ್ಲುವುದಕ್ಕೊಂದು ಮಾಡನ್ನು ಕಟ್ಟಿದರೆ, ಸಂಜೆ ಆರು ಗಂಟೆಯ ಬಸ್ಸಿನಿಂದ ಇಳಿಯುವ ಹುಡುಗಿಯು ಒಬ್ಬಳೇ ಮನೆಯವರೆಗೆ ನಡೆದು ಹೋದಾಳು.